ತೆಂಗಿನ ಸೀಮೆಗೆ ಎಂಥ ಶಾಲೆ ಬೇಕು?

ಹುಳಿಯಾರಿಗೆ ಸಮೀಪದ ಬೋರನಕಣಿವೆಯಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯವಿದೆ. ಅದು ತುಂಬಿ ಕೋಡಿ ಬೀಳುವುದು ಅಪರೂಪ. ಅಲ್ಲಿಂದ ಚಿಕ್ಕನಾಯಕನಹಳ್ಳಿ ದಾಟಿ ತಿಪಟೂರು, ತುರುವೇಕೆರೆಗಳವರೆಗೆ ಹಬ್ಬಿರುವುದು ಮೊದಲು ಮಳೆಯನ್ನು, ಆಮೇಲೆ ಕೊಳವೆಬಾವಿಯನ್ನು, ಕೊನೆಗೆ ಕೊಬ್ಬರಿ ದರವನ್ನು ನಂಬಿಕೊಂಡ ಸೀಮೆ. ಇಲ್ಲಿ ಹೊಸದಾಗಿ ಶಾಲೆ ತೆರೆಯಲು ಹೊರಟವರ ಮುಂದೆ ಎರಡು ಮಾದರಿಗಳು ಸಿದ್ಧವಾಗಿ ನಿಂತಿವೆ. ಒಂದು, ಹಳದಿ ವ್ಯಾನು ಕಳಿಸಿ ಸುತ್ತಲ ಹಳ್ಳಿಗಳಿಂದ ಮಕ್ಕಳನ್ನು ತುಂಬಿಕೊಂಡು ಬರುವ ಇಂಗ್ಲಿಷ್ ಕಾನ್ವೆಂಟು. ಇನ್ನೊಂದು, ಮಠವೋ ಟ್ರಸ್ಟೋ ನಡೆಸುವ ವಸತಿ ಶಾಲೆ. ಈಚೆಗೆ ಮೂರನೆಯದೊಂದರ ಮಾತು ಕೇಳಿಬರುತ್ತಿದೆ: ಅಂಕದಷ್ಟೇ ಮಕ್ಕಳ ಮನಸ್ಸಿಗೂ ಅವರ ಒಡನಾಟಕ್ಕೂ ಬೆಲೆ ಕೊಡುವ ಶಾಲೆ. ಇದಕ್ಕೆ ಶಿಕ್ಷಣ ಶಾಸ್ತ್ರದಲ್ಲಿ ಸಾಮಾಜಿಕ-ಭಾವನಾತ್ಮಕ ಕಲಿಕೆ ಎಂಬ ಹೆಸರಿದೆ. ತನ್ನ ಮನಸ್ಸನ್ನು ತಾನರಿಯುವುದು, ಅದನ್ನು ಹಿಡಿತದಲ್ಲಿಟ್ಟುಕೊಳ್ಳುವುದು, ಇನ್ನೊಬ್ಬರ ಸ್ಥಿತಿ ಅರ್ಥಮಾಡಿಕೊಳ್ಳುವುದು, ಸ್ನೇಹ-ಸಂಬಂಧ ಉಳಿಸಿಕೊಳ್ಳುವುದು, ಹೊಣೆಯರಿತು ತೀರ್ಮಾನಿಸುವುದು ಎಂದು ಅಮೆರಿಕದಲ್ಲಿ 1994ರಲ್ಲಿ ಹುಟ್ಟಿದ ಕ್ಯಾಸೆಲ್ ಸಂಸ್ಥೆ ಅದನ್ನು ಐದು ಭಾಗ ಮಾಡಿ ಹೇಳಿತು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ಹೆಸರಿಸಿ ಶಾಲೆಯ ಕೆಲಸದೊಳಗೆ ಸೇರಿಸಿದೆ. ಇಂಥ ಶಾಲೆಯನ್ನು ಕಟ್ಟುವುದೆಂದರೆ ಏನು ಮಾಡುವುದು, ಅದನ್ನು ನಡೆಸುವವರು ಯಾರಾಗಿರಬೇಕು ಎಂಬುದು ಈ ಲೇಖನದ ಪ್ರಶ್ನೆ.

ಸಾಮಾನ್ಯವಾಗಿ ಸಿಗುವ ಉತ್ತರ ಸುಲಭದ್ದು: ವೇಳಾಪಟ್ಟಿಯಲ್ಲಿ ಒಂದು ಪಿರಿಯಡ್ ಸೇರಿಸಿ, ಒಂದು ಕೈಪಿಡಿ ತರಿಸಿ, ಶಿಕ್ಷಕರಿಗೆ ಮೂರು ದಿನ ತರಬೇತಿ ಕೊಡಿ. ದೆಹಲಿ ಸರ್ಕಾರ 2018ರ ಜುಲೈನಲ್ಲಿ ತನ್ನ ಶಾಲೆಗಳಿಗೆ ತಂದ ‘ಹ್ಯಾಪಿನೆಸ್’ ಪಠ್ಯಕ್ರಮ ಈ ದಾರಿಯ ದೊಡ್ಡ ಪ್ರಯೋಗ. ಎಂಟನೆಯ ತರಗತಿವರೆಗಿನ ಮಕ್ಕಳಿಗೆ ದಿನಕ್ಕೊಂದು ಪಿರಿಯಡನ್ನು ಅದು ಮೀಸಲಿಟ್ಟಿತು. ನಮ್ಮಲ್ಲಿ ಹಿಂದಿನಿಂದ ಇದ್ದ ನೀತಿ ಪಾಠದ ಪಿರಿಯಡ್ ಕೂಡ ಇದೇ ನಂಬಿಕೆಯದು. ಆದರೆ ಪಿರಿಯಡ್ಡಿನಲ್ಲಿ ಕರುಣೆಯ ಕಥೆ ಕೇಳಿದ ಹುಡುಗ ಹತ್ತು ನಿಮಿಷದ ನಂತರ ಲೆಕ್ಕ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಬೇಕಾಗಿ ಬಂದರೆ, ಅವನು ಕಲಿತದ್ದು ಎರಡನೆಯ ಪಾಠವನ್ನೇ. ಇದುವರೆಗಿನ ಅನುಭವವನ್ನೂ ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಗಟ್ಟಿಯಾಗುತ್ತದೆ: ಮಗುವಿನ ಮನಸ್ಸನ್ನು ತಿದ್ದುವುದು ಶಾಲೆಯ ಆಡಳಿತ. ಜಗಳ ಹೇಗೆ ತೀರುತ್ತದೆ, ಊಟಕ್ಕೆ ಯಾರು ಯಾರ ಪಕ್ಕ ಕೂರುತ್ತಾರೆ, ತಪ್ಪಿದವರೊಂದಿಗೆ ಮೇಷ್ಟ್ರು ಯಾವ ದನಿಯಲ್ಲಿ ಮಾತಾಡುತ್ತಾರೆ, ಮುಖ್ಯಶಿಕ್ಷಕರು ಸಹಶಿಕ್ಷಕರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದೇ ಅದರ ನಿಜವಾದ ಪಠ್ಯ. ಹಾಗಾಗಿ ಇಂಥ ಶಾಲೆ ಕಟ್ಟುವ ಕೆಲಸ ಮೊದಲಿಗೆ ಆಡಳಿತದ ಕೆಲಸ.

ಈ ವಿಚಾರದ ಮೂಲಕ್ಕೆ ಹೋದರೂ ಕಾಣುವುದು ಇದೇ. 1968ರಲ್ಲಿ ಅಮೆರಿಕದ ನ್ಯೂ ಹೇವನ್ ಪಟ್ಟಣದ ಎರಡು ಬಡ ಬಡಾವಣೆಯ ಶಾಲೆಗಳಲ್ಲಿ ಯೇಲ್ ವಿಶ್ವವಿದ್ಯಾಲಯದ ಮನೋವೈದ್ಯ ಜೇಮ್ಸ್ ಕೋಮರ್ ಕೆಲಸ ಆರಂಭಿಸಿದರು. ಹೆಚ್ಚಿನ ಮಕ್ಕಳು ಕಪ್ಪು ಜನರ ಮನೆಗಳವರು. ಹಾಜರಿ ಕಡಿಮೆ, ಕಲಿಕೆ ಹಿಂದೆ, ಶಿಕ್ಷಕರಿಗೂ ಪೋಷಕರಿಗೂ ಪರಸ್ಪರ ಅಪನಂಬಿಕೆ. ಕೋಮರ್ ಅಲ್ಲಿ ಮೊದಲು ಬದಲಿಸಿದ್ದು ಶಾಲೆಯ ತೀರ್ಮಾನಗಳು ಆಗುವ ಬಗೆಯನ್ನು. ಪ್ರಾಂಶುಪಾಲರು, ಶಿಕ್ಷಕರು, ಪೋಷಕರು ಸೇರಿದ ಒಂದು ಆಡಳಿತ ತಂಡ ರಚನೆಯಾಯಿತು. ಮಕ್ಕಳ ಮನಸ್ಸಿನ ತೊಂದರೆಗಳನ್ನು ಒಟ್ಟಿಗೆ ಕೂತು ನೋಡುವ ಇನ್ನೊಂದು ತಂಡ ಬಂತು. ತಪ್ಪು ಯಾರದೆಂದು ಹುಡುಕದೆ ಪರಿಹಾರ ಹುಡುಕಬೇಕು, ತೀರ್ಮಾನ ಒಮ್ಮತದಿಂದ ಆಗಬೇಕು ಎಂಬುದು ಆ ತಂಡಗಳ ಕಟ್ಟಳೆ. 1980ರ ದಶಕದ ಹೊತ್ತಿಗೆ ಆ ಶಾಲೆಗಳ ಹಾಜರಿಯೂ ಕಲಿಕೆಯೂ ಎದ್ದು ಕಾಣುವಂತೆ ಮೇಲೇರಿದ್ದವು. ಮುಂದೆ ಕ್ಯಾಸೆಲ್ ಕಟ್ಟಿದವರಿಗೆ ಈ ಪ್ರಯೋಗವೇ ಒಂದು ಬುನಾದಿ. ಪಿರಿಯಡ್ಡು, ಕೈಪಿಡಿಗಳೆಲ್ಲ ಆಮೇಲೆ ಬಂದವು.

ಅಧ್ಯಯನಗಳು ಏನು ಹೇಳುತ್ತವೆ? ಹೆಚ್ಚು ಉಲ್ಲೇಖವಾಗುವುದು 2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆ. 213 ಶಾಲಾ ಕಾರ್ಯಕ್ರಮಗಳು, 2,70,034 ಮಕ್ಕಳು. ಇಂಥ ಕಾರ್ಯಕ್ರಮ ಪಡೆದ ಮಕ್ಕಳ ನಡವಳಿಕೆ ಸುಧಾರಿಸಿದ್ದಷ್ಟೇ ಅಲ್ಲ, ಓದಿನಲ್ಲೂ ಅವರು ಉಳಿದವರಿಗಿಂತ 11 ಪರ್ಸೆಂಟೈಲ್ ಅಂಶ ಮುಂದಿದ್ದರು. ಇದನ್ನು ಓದಿ ಹಿಗ್ಗುವವರು ಅದೇ ಅಧ್ಯಯನದ ಇನ್ನೆರಡು ಮಾತನ್ನು ಬಿಡಬಾರದು. ಒಂದು ನನ್ನ ವಾದಕ್ಕೆ ತೊಡಕಾಗುವಂಥದ್ದು: ತರಗತಿಯ ಪಾಠದ ಜೊತೆಗೆ ಪೋಷಕರು, ಇಡೀ ಶಾಲೆ ಎಂದು ಹಲವು ಅಂಗಗಳನ್ನು ಸೇರಿಸಿದ ಕಾರ್ಯಕ್ರಮಗಳು ಬರೀ ತರಗತಿಯ ಕಾರ್ಯಕ್ರಮಗಳಿಗಿಂತ ಹೆಚ್ಚು ಫಲ ಕೊಟ್ಟಿರಲಿಲ್ಲ. ಹಾಗಾದರೆ ಪಿರಿಯಡ್ಡೇ ಸಾಕಲ್ಲವೇ ಎಂದು ಯಾರಾದರೂ ಕೇಳಬಹುದು. ಎರಡನೆಯ ಮಾತಿನಲ್ಲಿ ಅದಕ್ಕೆ ಉತ್ತರವಿದೆ. ಓದಿನಲ್ಲಿ ಗೆಲುವು ಕಂಡದ್ದು ಶಾಲೆಯ ಸ್ವಂತ ಶಿಕ್ಷಕರೇ ಕಾರ್ಯಕ್ರಮ ನಡೆಸಿದಾಗ ಮಾತ್ರ. ಹೊರಗಿನವರು ಬಂದು ನಡೆಸಿದಾಗ ಆ ಗೆಲುವು ಇರಲಿಲ್ಲ. ಅನುಷ್ಠಾನ ಹದಗೆಟ್ಟಲ್ಲಿ ಫಲವೂ ಕುಗ್ಗಿತ್ತು, ಅಂಗಗಳು ಹೆಚ್ಚಿದಷ್ಟೂ ಅನುಷ್ಠಾನ ಹದಗೆಡುವ ಸಂಭವ ಹೆಚ್ಚು. ಅಂದರೆ ಕಾರ್ಯಕ್ರಮದ ಗಾತ್ರ ಲೆಕ್ಕಕ್ಕಿಲ್ಲ. ದಿನವೂ ಮಕ್ಕಳೊಂದಿಗೆ ಇರುವವರು ಅದನ್ನು ತಮ್ಮದಾಗಿಸಿಕೊಂಡರೇ ಇಲ್ಲವೇ ಎಂಬುದೇ ಲೆಕ್ಕ. ಅವರು ತಮ್ಮದಾಗಿಸಿಕೊಳ್ಳುವಂತೆ ಮಾಡುವುದು ಶಾಲೆ ನಡೆಸುವವರ ಕೆಲಸ.

ಸೋತ ಪ್ರಯೋಗವೂ ಇದನ್ನೇ ತೋರಿಸುತ್ತದೆ. ಬ್ರಿಟನ್ನಿನಲ್ಲಿ ಎಂಬತ್ತಕ್ಕೂ ಹೆಚ್ಚು ಶಾಲೆಗಳ ಎಂಟು ಸಾವಿರಕ್ಕೂ ಮೀರಿದ ಮಕ್ಕಳ ಮೇಲೆ ನಡೆದ ‘ಮಿರಿಯಡ್’ ಎಂಬ ದೊಡ್ಡ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ತರಗತಿಯಲ್ಲಿ ಕಲಿಸಿದ ಸಾವಧಾನ ಧ್ಯಾನದಿಂದ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಹೇಳಿಕೊಳ್ಳುವಂಥ ಪ್ರಯೋಜನ ಆಗಿರಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಾಸ ಮಾಡಲೇ ಇಲ್ಲ. ಅದನ್ನು ಕಲಿತು ಕಲಿಸಿದ ಶಿಕ್ಷಕರ ಬಳಲಿಕೆ ಮಾತ್ರ ಸ್ವಲ್ಪ ಕಾಲದ ಮಟ್ಟಿಗೆ ತಗ್ಗಿತ್ತು, ಶಾಲೆಯ ವಾತಾವರಣ ಕೆಲ ಮಟ್ಟಿಗೆ ಸುಧಾರಿಸಿತ್ತು. ನಮ್ಮಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಪ್ರೌಢಶಾಲೆಗಳಿಗೆ ಜೀವನ ಕೌಶಲ ಶಿಕ್ಷಣದ ಮಾದರಿಯೊಂದನ್ನು ರೂಪಿಸಿತು. ನಡೆಸಿದವರು ಶಾಲೆಯ ಶಿಕ್ಷಕರೇ. 2010ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಲ್ಲಿ ಕಾರ್ಯಕ್ರಮ ಪಡೆದ 605 ಹದಿಹರೆಯದವರನ್ನು ಪಡೆಯದ 423 ಮಂದಿಯೊಂದಿಗೆ ಹೋಲಿಸಲಾಗಿತ್ತು. ಒಂದು ವರ್ಷದ ಕೊನೆಗೆ ಮೊದಲಿನವರ ಆತ್ಮಗೌರವ, ಕಷ್ಟ ನಿಭಾಯಿಸುವ ಧೈರ್ಯ, ಶಾಲೆಯೊಂದಿಗೂ ಶಿಕ್ಷಕರೊಂದಿಗೂ ಹೊಂದಿಕೊಳ್ಳುವ ಬಗೆ ಚೆನ್ನಾಗಿದ್ದವು. ಮನೆಯಲ್ಲಿನ ಹೊಂದಾಣಿಕೆಯಲ್ಲಾಗಲಿ, ಮಾನಸಿಕ ತೊಂದರೆಗಳ ಲಕ್ಷಣಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆ ತನ್ನ ಅಂಗಳದೊಳಗಿನ ಸಂಬಂಧಗಳನ್ನು ತಿದ್ದಬಲ್ಲದು, ಅದರಾಚೆಗೆ ಅದರ ಕೈ ಅಷ್ಟು ಚಾಚುವುದಿಲ್ಲ. ಈ ಮಿತಿಯನ್ನು ಒಪ್ಪಿಕೊಂಡು ಹೊರಡುವುದು ಶಾಲೆ ಕಟ್ಟುವವರಿಗೆ ಒಳ್ಳೆಯದು.

ಕರ್ನಾಟಕಕ್ಕೆ ಈ ವಿಚಾರ ಹೊರಗಿನಿಂದ ಬಂದ ಫ್ಯಾಷನ್ ಎಂದುಕೊಳ್ಳುವುದು ತಪ್ಪು. ಇದೇ ತುಮಕೂರು ಜಿಲ್ಲೆಯ ಸಿದ್ಧಗಂಗಾ ಮಠದಲ್ಲಿ 1941ರಿಂದ 2019ರವರೆಗೆ ಶಿವಕುಮಾರ ಸ್ವಾಮೀಜಿ ನಡೆಸಿದ ವಿದ್ಯಾರ್ಥಿನಿಲಯ ಸಾವಿರಾರು ಬಡ ಮಕ್ಕಳಿಗೆ ಜಾತಿ ನೋಡದೆ ಅನ್ನ, ಅಕ್ಷರ, ಆಸರೆ ಕೊಟ್ಟಿತು. ಒಂದೇ ಪಂಕ್ತಿಯ ಊಟ, ಹಂಚಿಕೊಂಡು ಮಾಡುವ ಕೆಲಸ, ಹಿರಿಯ ಹುಡುಗರು ಕಿರಿಯರನ್ನು ನೋಡಿಕೊಳ್ಳುವ ರೂಢಿ, ಇವು ಯಾವ ಕೈಪಿಡಿಯೂ ಇಲ್ಲದೆ ಬಂದವು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು ರೂಪಿಸಿದ ನಲಿ-ಕಲಿ ಇನ್ನೊಂದು ನಿದರ್ಶನ. ಬೇರೆ ಬೇರೆ ತರಗತಿಯ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಲಿಕಾ ಏಣಿಯಲ್ಲಿ ತಮ್ಮ ತಮ್ಮ ವೇಗಕ್ಕೆ ಹತ್ತುತ್ತ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುವ ಆ ಪದ್ಧತಿಯಲ್ಲಿ ಹಿಂದೆ ಬಿದ್ದವರೆಂಬ ಹಣೆಪಟ್ಟಿಯೇ ಇರಲಿಲ್ಲ. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಆದೇಶವಾಗಿ ಹೋಯಿತು. ಮನಸ್ಸಿಟ್ಟ ಶಿಕ್ಷಕರಿದ್ದಲ್ಲಿ ಅದು ಇಂದಿಗೂ ಜೀವಂತವಾಗಿದೆ. ಇಲ್ಲದ ಕಡೆ ಅದರ ಕಲಿಕಾ ಕಾರ್ಡುಗಳು ತಟ್ಟೆಯಲ್ಲೇ ಧೂಳು ಹಿಡಿದಿವೆ. ಮಕ್ಕಳ ಗ್ರಾಮಸಭೆಯ ಕಥೆಯೂ ಹೀಗೆಯೇ. 2006ರ ಸರ್ಕಾರಿ ಆದೇಶದಿಂದ ರಾಜ್ಯವ್ಯಾಪಿಯಾದ ಈ ಸಭೆಯಲ್ಲಿ ಮಕ್ಕಳು ಪಂಚಾಯಿತಿಯವರನ್ನು ನೇರವಾಗಿ ಪ್ರಶ್ನಿಸಬಹುದು. ಮೇಷ್ಟ್ರು ಬರೆದುಕೊಟ್ಟ ಚೀಟಿ ಓದಿಸಿದರೆ ಅದು ಬರೀ ಕಾರ್ಯಕ್ರಮ. ಮಕ್ಕಳೇ ತಮ್ಮ ಶೌಚಾಲಯದ ನೀರಿನ ಬಗ್ಗೆ ಕೇಳಿ ಉತ್ತರ ಪಡೆದರೆ ಅದೊಂದು ಪಾಠ.

ತೆಂಗಿನ ಸೀಮೆಗೆ ಈ ಪಾಠ ಏಕೆ ಮುಖ್ಯ ಎಂಬುದಕ್ಕೆ ಇಲ್ಲಿಯದೇ ಕಾರಣಗಳಿವೆ. ಇಲ್ಲಿಯ ಉಂಡೆ ಕೊಬ್ಬರಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾದು ಒಣಗಬೇಕು. ಅಷ್ಟು ದಿನ ಮನೆಯ ಲೆಕ್ಕವೂ ಅಟ್ಟದ ಮೇಲೆಯೇ ಇರುತ್ತದೆ. 2023ರಲ್ಲಿ ಕ್ವಿಂಟಲ್ಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದಾಗ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು, ರೈತರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ದರ ಬೆಂಬಲ ಬೆಲೆಯ ಎರಡು ಪಟ್ಟನ್ನು ದಾಟಿತು. ಅಷ್ಟರಲ್ಲಿ ಎಷ್ಟೋ ಮರಗಳು ನುಸಿಗೂ ಬರಕ್ಕೂ ಸೊರಗಿ ನಿಂತಿದ್ದವು. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಗಣಿ ಕೆಲಸ ನಂಬಿದ್ದ ಮನೆಗಳಿಗೆ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ನಿಷೇಧ ಬಂದಾಗ ಕೂಲಿ ಒಮ್ಮೆಗೇ ನಿಂತಿತು. ದುಡಿಯುವ ವಯಸ್ಸಿನವರು ಬೆಂಗಳೂರಿನ ಬಸ್ಸು ಹತ್ತಿದರು, ಮಕ್ಕಳು ಅಜ್ಜಿ-ತಾತನ ಪಾಲಾದರು. ಹೀಗೆ ಮನೆಯ ಆತಂಕವನ್ನು ಚೀಲದ ಜೊತೆಗೇ ಹೊತ್ತು ತರುವ ಮಗು ತರಗತಿಯಲ್ಲಿ ಮಂಕಾಗಿ ಕೂತಾಗ ಅದನ್ನು ದಡ್ಡತನವೆಂದು ಓದುವ ಶಾಲೆಗೂ, ಏನೋ ಆಗಿದೆ ಎಂದು ಓದುವ ಶಾಲೆಗೂ ಅಜಗಜಾಂತರ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಮಂಕಾದ ಮುಖವನ್ನು ಸಕಾಲಕ್ಕೆ ಗುರುತಿಸುವವರು ಶಾಲೆಯಲ್ಲಿರಬೇಕು ಎನ್ನಲು ಬೇರೆ ಅಂಕಿ ಬೇಕಿಲ್ಲ.

ಇಂಥ ಶಾಲೆಯ ಒಂದು ದಿನ ಹೇಗಿರಬೇಕೆಂಬುದನ್ನು ಒಂದು ಜಗಳದ ಉದಾಹರಣೆಯಲ್ಲಿ ನೋಡಬಹುದು. ಐದನೆಯ ತರಗತಿಯ ಹುಡುಗನೊಬ್ಬ ಬಿಸಿಯೂಟದ ಸಾಲಿನಲ್ಲಿ ಇನ್ನೊಬ್ಬನನ್ನು ಅವನ ಹಟ್ಟಿಯ ಹೆಸರು ಹಿಡಿದು ಅಣಕಿಸಿದ. ಅಣಕಿಸಿಕೊಂಡವನು ತಟ್ಟೆಯಿಂದಲೇ ಬಾರಿಸಿದ. ಎಲ್ಲೆಡೆ ನಡೆಯುವುದು ಎಂದರೆ ಇಬ್ಬರಿಗೂ ಎರಡೆರಡು ಏಟು, ಬಿಸಿಲಲ್ಲಿ ನಿಲ್ಲಿಸುವುದು, ಸಂಜೆ ಎರಡೂ ಮನೆಯವರು ಗೇಟಿನ ಹತ್ತಿರ ಬಂದು ಕೂಗಾಡುವುದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಏಟಿನ ಜಾಗದಲ್ಲಿ ಏನು ಮಾಡಬೇಕೆಂದು ಕಾಯ್ದೆ ಹೇಳುವುದಿಲ್ಲ, ಅದನ್ನು ಶಾಲೆಯೇ ಗೊತ್ತುಮಾಡಬೇಕು. ಮೊದಲು ಇಬ್ಬರನ್ನೂ ಬೇರೆ ಮಾಡಿ ತಣ್ಣಗಾಗಲು ಬಿಡಬೇಕು, ಊಟ ತಪ್ಪಿಸಬಾರದು. ಆಮೇಲೆ ಒಬ್ಬೊಬ್ಬರಿಂದಲೂ ನಡೆದದ್ದನ್ನು ಅಡ್ಡ ಬಾಯಿ ಹಾಕದೆ ಕೇಳಬೇಕು. ಹೊಡೆದವನು ಹೊಡೆದದ್ದಕ್ಕೆ, ಅಣಕಿಸಿದವನು ಅಣಕಿಸಿದ್ದಕ್ಕೆ ತನ್ನ ಪಾಲು ಒಪ್ಪಿಕೊಳ್ಳಬೇಕು. ಅಣಕಿಸಿದ್ದನ್ನು ಸಣ್ಣದೆಂದು ತಳ್ಳಿಹಾಕಿದರೆ ಜಾತಿಯ ಪಾಠವನ್ನು ಶಾಲೆಯೇ ಕಲಿಸಿದಂತೆ. ಮರುದಿನ ಇಬ್ಬರಿಗೂ ಒಟ್ಟಿಗೆ ಬಡಿಸುವ ಪಾಳಿ ಕೊಡಬಹುದು. ಇದಕ್ಕೆ ಬೇಕಾದದ್ದು ಇಪ್ಪತ್ತು ನಿಮಿಷ ಮತ್ತು ಎಲ್ಲ ಶಿಕ್ಷಕರೂ ಪಾಲಿಸುವ ಒಂದೇ ಪದ್ಧತಿ. ಒಬ್ಬ ಮೇಷ್ಟ್ರು ಕೇಳಿಸಿಕೊಂಡು ಇನ್ನೊಬ್ಬ ಮೇಷ್ಟ್ರು ಬಾರಿಸಿದರೆ ಮಕ್ಕಳು ಕಲಿಯುವುದು ಯಾರ ಕೈಗೆ ಸಿಕ್ಕಿಬೀಳಬಾರದು ಎಂಬುದನ್ನು ಮಾತ್ರ.

ಆ ಒಂದೇ ಪದ್ಧತಿಯನ್ನು ಉಳಿಸುವವರು ಮುಖ್ಯಶಿಕ್ಷಕರು. ಷಿಕಾಗೊ ನಗರದ ಪ್ರಾಥಮಿಕ ಶಾಲೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಆಂಥನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ 2002ರಲ್ಲಿ ಹೇಳಿದ್ದೇನೆಂದರೆ, ಮುಖ್ಯಸ್ಥರು, ಶಿಕ್ಷಕರು, ಪೋಷಕರ ನಡುವೆ ಪರಸ್ಪರ ನಂಬಿಕೆ ಬಲವಾಗಿದ್ದ ಶಾಲೆಗಳಲ್ಲಿ ಎರಡಕ್ಕೊಂದು ಓದು-ಲೆಕ್ಕದಲ್ಲಿ ಸುಧಾರಿಸಿತ್ತು. ನಂಬಿಕೆ ಬಡವಾಗಿದ್ದ ಕಡೆ ಏಳಕ್ಕೊಂದು ಮಾತ್ರ. ನಮ್ಮ ಹಳ್ಳಿ ಶಾಲೆಯಲ್ಲಿ ಈ ನಂಬಿಕೆ ಹುಟ್ಟುವುದಕ್ಕೆ ಅಡ್ಡಿಗಳು ಬಹಳ. ಎರಡು ಮೂರು ಜನ ಶಿಕ್ಷಕರು, ಅವರಲ್ಲೊಬ್ಬರು ವರ್ಷಕ್ಕೊಮ್ಮೆ ಬದಲಾಗುವ ಅತಿಥಿ ಶಿಕ್ಷಕರು. ಮುಖ್ಯಶಿಕ್ಷಕರಿಗೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಮಾಹಿತಿ, ಸಭೆಗಳು. ಖಾಸಗಿ ಶಾಲೆಯಲ್ಲಾದರೆ ಕಡಿಮೆ ಸಂಬಳ, ಯಾವಾಗ ಬಿಡಿಸುತ್ತಾರೋ ಎಂಬ ಅಳುಕು. ಸ್ಟಾಫ್ ರೂಮಿನಲ್ಲಿ ಅವಮಾನ ನುಂಗಿಕೊಂಡು ತರಗತಿಗೆ ಹೋದವರಿಂದ ಸಮಾಧಾನ ನಿರೀಕ್ಷಿಸುವುದು ನ್ಯಾಯವಲ್ಲ. ಹೊಸ ಶಾಲೆ ಕಟ್ಟುವವರು ಮೊದಲ ವರ್ಷದ ಹಣವನ್ನು ಕಮಾನಿಗೂ ಕಂಪ್ಯೂಟರ್ ಕೋಣೆಗೂ ಸುರಿಯುವ ಬದಲು ಶಿಕ್ಷಕರ ಸಂಬಳಕ್ಕೆ, ವಾರಕ್ಕೊಮ್ಮೆ ಮಕ್ಕಳ ಬಗ್ಗೆಯಷ್ಟೇ ಮಾತಾಡುವ ಒಂದು ಗಂಟೆಯ ಸಭೆಗೆ, ಪಾಠಕ್ಕೂ ಮಕ್ಕಳಿಗೂ ಹೊರತಾದ ಬರವಣಿಗೆ ನೋಡಿಕೊಳ್ಳುವ ಒಬ್ಬ ಗುಮಾಸ್ತರಿಗೆ ಮೀಸಲಿಡಬೇಕು. 2001ರಿಂದ ಸರ್ಕಾರಿ ಶಾಲೆಗಳಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಕಾಗದದ ಮೇಲೆ ಕೋಮರ್ ಕಟ್ಟಿದ ತಂಡದ ಸೋದರನೇ. ಸುಣ್ಣ-ಬಣ್ಣ, ಧ್ವಜಾರೋಹಣದಾಚೆಗೂ ಅದರಲ್ಲಿ ಮಕ್ಕಳ ಮಾತು ಬರುವಂತೆ ಮಾಡುವುದು ಮುಖ್ಯಶಿಕ್ಷಕರ ಜಾಣ್ಮೆ.

ಆಕ್ಷೇಪಣೆಗಳು ಹಲವು. ಇವೆಲ್ಲ ಮನೆಯಲ್ಲಿ ಹಿರಿಯರು ಕಲಿಸುವುದು, ಶಾಲೆಗೇಕೆ ಎಂಬುದು ಮೊದಲನೆಯದು. ಮನೆ ಕಲಿಸುತ್ತದೆ, ನಿಜ. ಆದರೆ ತನ್ನವರೊಂದಿಗೆ ಹೇಗಿರಬೇಕೆಂದು ಕಲಿಸುವಷ್ಟು ಚೆನ್ನಾಗಿ ಪರರೊಂದಿಗೆ ಹೇಗಿರಬೇಕೆಂದು ಅದು ಕಲಿಸದು. ಬೇರೆ ಜಾತಿ, ಬೇರೆ ಧರ್ಮ, ಬೇರೆ ಸ್ಥಿತಿವಂತಿಕೆಯ ಮಕ್ಕಳು ದಿನಕ್ಕೆ ಆರು ಗಂಟೆ ಒಟ್ಟಿಗಿರುವ ಜಾಗ ಹಳ್ಳಿಯಲ್ಲಿ ಶಾಲೆಯೊಂದೇ. ಪೋಷಕರಿಗೆ ಬೇಕಿರುವುದು ಅಂಕ ಮತ್ತು ಇಂಗ್ಲಿಷು, ಇದನ್ನೆಲ್ಲ ಹೇಳಿದರೆ ವ್ಯಾನು ಖಾಲಿಯಾಗುತ್ತದೆ ಎಂಬುದು ಎರಡನೆಯದು. ಪೋಷಕರ ಆಸೆಯನ್ನು ಹಳಿಯುವುದು ಸಲ್ಲ. ಕೊಬ್ಬರಿ ದರದ ಮೇಲೆ ಮಕ್ಕಳ ಬದುಕು ನಿಲ್ಲದಿರಲಿ ಎಂಬುದೇ ಆ ಆಸೆ. ಅಂಕಕ್ಕೂ ಸಮಾಧಾನದ ಮನಸ್ಸಿಗೂ ವೈರವಿಲ್ಲ ಎಂಬುದನ್ನು ಡರ್ಲಾಕ್ ಅಧ್ಯಯನವೇ ಹೇಳಿದೆ. ಆದರೆ ಅದನ್ನು ಫಲಿತಾಂಶದಿಂದ ತೋರಿಸುವ ಹೊಣೆ ಶಾಲೆಯದು. ಏಳನೆಯ ತರಗತಿಗೆ ಬಂದರೂ ಕನ್ನಡ ಸರಾಗವಾಗಿ ಓದಲು ಬಾರದ ಮಗುವಿಗೆ ಯಾವ ಆತ್ಮಗೌರವದ ಪಾಠವೂ ಆತ್ಮಗೌರವ ತಂದುಕೊಡುವುದಿಲ್ಲ. ಓದು ಕಲಿಸಲಾಗದ ಸೋಲನ್ನು ಪ್ರೀತಿಯ ಮಾತಿನಿಂದ ಮುಚ್ಚಿಕೊಳ್ಳುವ ಶಾಲೆ ಮಕ್ಕಳಿಗೆ ಮೋಸ ಮಾಡುತ್ತದೆ.

ಇನ್ನೂ ಗಂಭೀರವಾದ ಆಕ್ಷೇಪ ಒಂದಿದೆ. ಕೋಪ ತಡೆದುಕೋ, ಹೊಂದಿಕೊಂಡು ಹೋಗು ಎಂದು ಕಲಿಸುತ್ತ ಈ ಶಿಕ್ಷಣ ಅನ್ಯಾಯಕ್ಕೆ ತಲೆಬಾಗುವ ಮಕ್ಕಳನ್ನು ತಯಾರಿಸುವುದಿಲ್ಲವೇ? ಕ್ಯಾಥರಿನ್ ಎಕಲ್‌ಸ್ಟನ್ ಮತ್ತು ಡೆನ್ನಿಸ್ ಹೇಯ್ಸ್ 2008ರಲ್ಲಿ ಬ್ರಿಟನ್ನಿನಲ್ಲಿ ಎತ್ತಿದ ಇನ್ನೊಂದು ದೂರೂ ಇದಕ್ಕೆ ಹತ್ತಿರದ್ದು: ಎಲ್ಲ ಮಕ್ಕಳನ್ನೂ ನೊಂದವರೆಂದು ನೋಡುವ ಶಾಲೆ ಅವರನ್ನು ಇನ್ನಷ್ಟು ದುರ್ಬಲರನ್ನಾಗಿಸುತ್ತದೆ. ಎರಡರಲ್ಲೂ ಹುರುಳಿದೆ. ಚಿಕ್ಕನಾಯಕನಹಳ್ಳಿ, ಶಿರಾ ಭಾಗದ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿಡುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಅಂಥ ಹುಡುಗಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಸುಮ್ಮನಾಗುವ ಶಾಲೆ ಅವಳಿಗೆ ಏನೂ ಕೊಟ್ಟಂತಲ್ಲ. ಆ ದಿನಗಳಲ್ಲೂ ಅವಳು ಅಂಜದೆ ಬಂದು ಕೂರುವ ತರಗತಿ, ನೀರಿರುವ ಶೌಚಾಲಯ, ಹುಡುಗರೂ ಸೇರಿ ಮುಟ್ಟಿನ ಬಗ್ಗೆ ಕಲಿಯುವ ವಿಜ್ಞಾನದ ಪಾಠ, ಮನೆಯವರನ್ನು ನೋಯಿಸದೆ ಮಾತಾಡಿಸುವ ಒಬ್ಬ ಶಿಕ್ಷಕಿ ಇದ್ದರೆ ಅದು ಭಾವನೆಯ ಶಿಕ್ಷಣವೂ ಹೌದು, ನ್ಯಾಯದ ಶಿಕ್ಷಣವೂ ಹೌದು. ಕೋಪವನ್ನು ಅದುಮಿಡುವುದಕ್ಕಿಂತ ಅದನ್ನು ದೂರಾಗಿ, ಪ್ರಶ್ನೆಯಾಗಿ, ಗ್ರಾಮಸಭೆಯ ಅರ್ಜಿಯಾಗಿ ಮಾರ್ಪಡಿಸಲು ಕಲಿಸುವುದು ಮೇಲು.

ಮೇಷ್ಟ್ರನ್ನೇ ಮನೋವೈದ್ಯರನ್ನಾಗಿಸುವ ಹುಚ್ಚೂ ಬೇಡ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕೆಂದೂ, ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರ ಸಂಪರ್ಕ ಇಟ್ಟುಕೊಳ್ಳಬೇಕೆಂದೂ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಈ ಸೀಮೆಯ ಎಷ್ಟೋ ಹಳ್ಳಿ ಶಾಲೆಗಳಲ್ಲಿ ನೂರು ಮಕ್ಕಳೂ ಇಲ್ಲ. ಅಲ್ಲಿ ಬೇಕಾದದ್ದು ಯಾವ ಲಕ್ಷಣ ಕಂಡರೆ ಯಾರಿಗೆ ಹೇಳಬೇಕೆಂಬ ತಿಳಿವಳಿಕೆ: ಮಕ್ಕಳ ಸಹಾಯವಾಣಿ 1098, ಮನಸ್ಸಿನ ಆರೋಗ್ಯದ ಟೆಲಿ-ಮಾನಸ್ 14416, ತಾಲ್ಲೂಕು ಆಸ್ಪತ್ರೆಯ ದಾರಿ. ಹಾಗೆಯೇ ಭಾವನೆಗೆ ಅಂಕ ಕೊಡುವ ಚಪಲವನ್ನೂ ದೂರವಿಡಬೇಕು. ಕರುಣೆಗೆ ಎ ಗ್ರೇಡ್, ಸಹನೆಗೆ ಬಿ ಗ್ರೇಡ್ ಎಂದು ಬರೆದ ಕೂಡಲೇ ಮಕ್ಕಳು ನಟಿಸಲು ಕಲಿಯುತ್ತಾರೆ. ಅಳೆಯಬೇಕಾದದ್ದು ಶಾಲೆಯನ್ನು: ವರ್ಷದಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟರು, ಎಷ್ಟು ಶಿಕ್ಷಕರು ಬಿಟ್ಟುಹೋದರು, ಸಲಹಾ ಪೆಟ್ಟಿಗೆಯ ಚೀಟಿಗಳಲ್ಲಿ ಎಷ್ಟಕ್ಕೆ ಉತ್ತರ ಸಿಕ್ಕಿತು, ದೀರ್ಘ ರಜೆ ಹಾಕಿದ ಎಷ್ಟು ಮಕ್ಕಳ ಮನೆಗೆ ಯಾರಾದರೂ ಹೋಗಿ ವಿಚಾರಿಸಿದರು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು. ಬೋರನಕಣಿವೆಯಿಂದ ತುರುವೇಕೆರೆವರೆಗಿನ ಸೀಮೆಗೆ ಮಕ್ಕಳ ಮನಸ್ಸಿಗೆ ಬೆಲೆ ಕೊಡುವ ಹೊಸ ಶಾಲೆಗಳು ಬಂದರೆ ಸಂತೋಷ; ಆದರೆ ಒಂದು ಟ್ರಸ್ಟಿನ ಒಂದು ಶಾಲೆಗೆ ಬರುವ ಮಕ್ಕಳು ಕೆಲವು ನೂರು ಮಾತ್ರ. ಉಳಿದವರು ಊರೂರಿನ ಸರ್ಕಾರಿ ಶಾಲೆಗಳಲ್ಲೇ ಇದ್ದಾರೆ. ಅಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಊರು ಹತ್ತಿರ, ಪೋಷಕರ ಸಮಿತಿ ಇದೆ, ಬಿಸಿಯೂಟವಿದೆ, ನಲಿ-ಕಲಿಯ ಅನುಭವವಿದೆ, ಹೊಡೆಯಬಾರದೆಂಬ ಕಾನೂನಿದೆ. ಇಲ್ಲದಿರುವುದು ಕನಿಷ್ಠ ಐದು ವರ್ಷ ಒಂದೇ ಕಡೆ ನಿಲ್ಲುವ, ಗುಮಾಸ್ತಿಕೆಯ ಹೊರೆ ಇಳಿದ, ತಮ್ಮ ಸಹಶಿಕ್ಷಕರನ್ನು ಗೌರವದಿಂದ ಕಾಣುವ ಮುಖ್ಯಶಿಕ್ಷಕರು. ಶಾಲೆ ಕಟ್ಟಲು ಹಣವಿರುವ ದಾನಿಗಳು ಹೊಸ ಕಟ್ಟಡಕ್ಕೆ ಮೊದಲು ತಮ್ಮೂರಿನ ಶಾಲೆಗೆ ಒಬ್ಬ ಗುಮಾಸ್ತರ ಸಂಬಳ ಕೊಡಲಿ. ಶಿಕ್ಷಣ ಇಲಾಖೆ ಒಳ್ಳೆಯ ಮುಖ್ಯಶಿಕ್ಷಕರನ್ನು ಅವರು ಬಯಸುವಷ್ಟು ಕಾಲ ಅಲ್ಲೇ ಇರಿಸಲಿ. ಎಸ್‌ಡಿಎಂಸಿಯ ಸದಸ್ಯರು ಮುಂದಿನ ಸಭೆಯಲ್ಲಿ ಸುಣ್ಣ-ಬಣ್ಣಕ್ಕೆ ಮೊದಲು ನಮ್ಮ ಶಾಲೆಯಲ್ಲಿ ಜಗಳಗಳು ಹೇಗೆ ತೀರುತ್ತಿವೆ ಎಂದು ಕೇಳಲಿ.